ಡೇನಿಯಲ್ಲರ ಚಿತ್ರಗಳಲ್ಲಿ ಮದರಾಸು ಮತ್ತು ಮೈಸೂರು ಸೀಮೆ

18ನೆಯ ಶತಮಾನದ ಉತ್ತರಾರ್ಧದಲ್ಲಿ ಇಟಲಿಯ ನಗರವೀಧಿಗಳೂ ಭಗ್ನಸೌಧಗಳೂ ಯೂರೋಪಿನ ಚಿತ್ರಕಾರರಿಗೆ ಅಚ್ಚುಮೆಚ್ಚಿನ ವಸ್ತುಗಳಾಗಿದ್ದವು. ಆ ಅಭಿರುಚಿಯಲ್ಲಿ ಪಳಗಿದ ಕಣ್ಣುಗಳೇ ಹಡಗನ್ನೇರಿ ಮದರಾಸಿನ ತೀರಕ್ಕೂ ಬಂದವು. 1780ರಲ್ಲಿ ಇಲ್ಲಿಗೆ ಬಂದ ವಿಲಿಯಂ ಹಾಜಸ್, 1793ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ನಗರದ ಕಂಬಸಾಲುಗಳನ್ನೂ ಮಟ್ಟಸ ಮಾಳಿಗೆಗಳನ್ನೂ ಅಲೆಕ್ಸಾಂಡರನ ಕಾಲದ ಗ್ರೀಕ್ ಪಟ್ಟಣಕ್ಕೆ ಹೋಲಿಸಿದನು.

1792ರಲ್ಲಿ ಥಾಮಸ್ ಡೇನಿಯಲ್ ತನ್ನ ಅಣ್ಣನ ಮಗ ವಿಲಿಯಮನೊಡನೆ ಮದರಾಸಿಗೆ ಬಂದನು. 1795ರಿಂದ 1808ರವರೆಗೆ ಲಂಡನ್ನಿನಲ್ಲಿ ಪ್ರಕಟವಾದ ಇವರ 144 ಫಲಕಗಳಲ್ಲಿ ಕೋಟೆಯ ಪಶ್ಚಿಮದ್ವಾರ, ಸರಕಾರಿ ಭವನ, ಆಂಗ್ಲರು ‘ಕರಿಯ ಪಟ್ಟಣ’ವೆಂದು ಕರೆಯುತ್ತಿದ್ದ ಇಂದಿನ ಜಾರ್ಜ್ ಟೌನಿನ ಒಂದು ಭಾಗ ಇವೆಲ್ಲವೂ ಸೇರಿವೆ. ಈ ನಗರದ ಗೋಡೆಕಂಬಗಳಲ್ಲಿ ಅಮೃತಶಿಲೆಯಂತೆ ಹೊಳೆಯುತ್ತಿದ್ದುದು ವಾಸ್ತವವಾಗಿ ಕಪ್ಪೆಚಿಪ್ಪಿನ ಸುಣ್ಣ. ಅದಕ್ಕೆ ಮೊಟ್ಟೆಯ ಬಿಳಿ, ಮೊಸರು, ತುಪ್ಪಗಳನ್ನು ಬೆರೆಸಿ, ಬಳಿದು, ಉಜ್ಜಿ ನುಣುಪೇರಿಸಿದವರು ಈ ನೆಲದ ಗಾರೆಯವರು. ‘ಗ್ರೀಕ್ ನಗರ’ದ ಕೀರ್ತಿಯಲ್ಲಿ ಅವರಿಗೆ ಪಾಲು ದೊರೆಯಲಿಲ್ಲ.

ಅದೇ ವರ್ಷ ಡೇನಿಯಲ್ಲರು ಮದರಾಸಿನಿಂದ ಹೊರಟು ಮೈಸೂರು ಯುದ್ಧದ ಹಾದಿಯನ್ನೇ ಹಿಡಿದರು. ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಆಗತಾನೆ ಕಂಪನಿಯ ವಶವಾಗಿತ್ತು. ರಾಯಕೋಟೆ, ಶಂಕರಿದುರ್ಗ, ಹೊಸೂರು ಅವರ ಫಲಕಗಳಿಗೆ ಇಳಿದವು. ಮದರಾಸಿನಲ್ಲಿ ಕಂಬಸಾಲುಗಳನ್ನು ಮೆಚ್ಚಿದ ಕಣ್ಣು ಇಲ್ಲಿ ಮುಖ್ಯವಾಗಿ ಗಿರಿದುರ್ಗಗಳನ್ನು ಆರಿಸಿಕೊಂಡಿತು. ಒಂದೆಡೆ ಗೆದ್ದವರ ವೈಭವ, ಇನ್ನೊಂದೆಡೆ ಗೆದ್ದುಕೊಂಡ ನೆಲದ ರಮಣೀಯತೆ: ಚಿತ್ರಗಳನ್ನು ಕೊಳ್ಳುವ ಲಂಡನ್ನಿಗೆ ಇವೆರಡೂ ಬೇಕಾಗಿದ್ದವು.

ಬೀದಿಯನ್ನು ಬರೆದವನು ಫಿರಂಗಿದಳದ ಜೇಮ್ಸ್ ಹಂಟರ್. ಕಾರ್ನ್‌ವಾಲಿಸನ ಸೇನೆ 1791ರ ಮಾರ್ಚ್ 21ರ ರಾತ್ರಿ ಬೆಂಗಳೂರಿನ ಕೋಟೆಯನ್ನು ಹಿಡಿಯಿತು. ಹಂಟರನು 1792ರಲ್ಲಿ ತೀರಿಕೊಂಡನು. ಅವನ ಚಿತ್ರಗಳು ಅಚ್ಚಾದುದು 1804-05ರಲ್ಲಿ. ಅವುಗಳಲ್ಲೊಂದು ಬೆಂಗಳೂರಿನ ಅರಮನೆಗೆ ಹೋಗುವ ಬೀದಿಯದು. ಆ ಕೋಟೆಯಲ್ಲಿ ಇಂದು ಮುಖ್ಯವಾಗಿ ಉಳಿದಿರುವುದು ದೆಹಲಿ ಬಾಗಿಲಿನ ಭಾಗ. ಆದುದರಿಂದ, ಬರೆದವನ ಉದ್ದೇಶವೇನೇ ಇರಲಿ, ಅಳಿದುಹೋದ ಬೀದಿಗೆ ಈ ಚಿತ್ರವೇ ಸಾಕ್ಷಿ. ಅದನ್ನು ಪರಕೀಯವೆಂದು ತಳ್ಳಿಹಾಕುವುದು ಎಷ್ಟು ತಪ್ಪೋ, ಇದ್ದುದೆಲ್ಲ ಅದರಲ್ಲಿಯೇ ಇದೆಯೆಂದು ನಂಬುವುದೂ ಅಷ್ಟೇ ತಪ್ಪು.

ಚಿತ್ರದಲ್ಲಿ ಕಾಣದುದನ್ನು ಹುಡುಕಲು ಚೆನ್ನೈಯ ಕನ್ನಡಿಗರು ದೂರ ಹೋಗಬೇಕಾಗಿಲ್ಲ. 1799ರಲ್ಲಿ ಟಿಪ್ಪು ಮಡಿದ ಬಳಿಕ ಮೈಸೂರಿನ ಮೋಜಣಿಯನ್ನು ನಡೆಸಿದ ಕಾಲಿನ್ ಮೆಕೆಂಜಿ ಸಂಗ್ರಹಿಸಿದ ಕನ್ನಡ ಕೈಫಿಯತ್ತುಗಳು ಈ ನಗರದ ಸರಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರಕ್ಕೆ ಸೇರಿದವು. ಅವೂ ಕಂಪನಿಯ ಅಗತ್ಯದಿಂದಲೇ ಹುಟ್ಟಿದವು, ನಿಜ. ಆದರೆ ಅಲ್ಲಿ ಊರು, ಕೆರೆ, ದೇವಸ್ಥಾನ, ಪಾಳೆಯಗಾರರ ವೃತ್ತಾಂತಗಳನ್ನು ಹೇಳುವ ದನಿ ಊರಿನವರದು. ದೂರದಿಂದ ಕಂಡ ದುರ್ಗಕ್ಕೂ ಒಳಗಿನವರು ಹೇಳಿದ ಊರಿಗೂ ಇರುವ ಅಂತರವನ್ನು ಅಳೆಯಬೇಕಾದರೆ ಫಲಕವನ್ನೂ ಕೈಫಿಯತ್ತನ್ನೂ ಜೊತೆಯಲ್ಲಿಟ್ಟು ಓದಬೇಕು.