ಮೂಳೆ ನಮ್ಮದು, ಚರ್ಮ ನಿಮ್ಮದು

ಮಗನನ್ನು ಮದ್ರಸಾಕ್ಕೆ ಸೇರಿಸಲು ಬಂದ ತಂದೆ ಹಿಂದೆಲ್ಲ ಉಸ್ತಾದರಿಗೆ ಒಂದು ಮಾತು ಹೇಳುತ್ತಿದ್ದ: 'ಹಡ್ಡಿ ಹಮಾರಿ, ಖಾಲ್ ತುಮ್ಹಾರಿ'. ಮೂಳೆ ನಮ್ಮದು, ಚರ್ಮ ನಿಮ್ಮದು ಎಂದರ್ಥ. ಅಯ್ಯನವರ ಮಠಕ್ಕೆ ಹುಡುಗನನ್ನು ಒಪ್ಪಿಸಿದ ರೈತನ ಮನಸ್ಸೂ ಬೇರೆಯಿರಲಿಲ್ಲ. ಇದನ್ನು ನಾವು ಗುರುಭಕ್ತಿಯೆಂದು ಹೊಗಳುತ್ತೇವೆ. ಆದರೆ ಅದರೊಳಗೆ ಇನ್ನೊಂದು ಅರ್ಥವೂ ಅಡಗಿತ್ತು: ಇನ್ನು ಇವನ ನಡತೆ ನಿಮ್ಮ ಹೊಣೆ, ನಮ್ಮನ್ನು ಕರೆಯಬೇಡಿ.

ರಾಯಚೂರು ಸೀಮೆಯಲ್ಲಿ ಕರೆದರೂ ಪ್ರಯೋಜನ ಕಡಿಮೆಯಿತ್ತು. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನದ ಜಿಲ್ಲೆ. ಆಡಳಿತದ ಭಾಷೆ ಉರ್ದು, ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲೇ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಆ ಭಾಷೆಯನ್ನು ಉನ್ನತ ಶಿಕ್ಷಣಕ್ಕೂ ಒಯ್ದಿತು. ದೇಶಭಾಷೆಯೊಂದಕ್ಕೆ ಅದು ಸಣ್ಣ ಗೌರವವಲ್ಲ. ಆದರೆ ಮಾನ್ವಿಯ ಕನ್ನಡ ಮನೆಯ ತಾಯಿಗೆ ಮಗನ ಶಾಲೆ ಪರದೇಶವಾಯಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಚಿತ್ರ ತಿರುಗಿತು. ಮಗನನ್ನು ಕನ್ನಡ ಶಾಲೆಗೆ ಕಳಿಸಿದ ಉರ್ದು ಮನೆಯ ತಾಯಿ ಈಗ ಬಾಗಿಲಾಚೆ ನಿಂತಳು.

ಈ ನಡುವೆ ಪಂಡಿತ ತಾರಾನಾಥರು (1891-1942) ರಾಯಚೂರಿನಲ್ಲಿ ಶಾಲೆ ಕಟ್ಟಿದರು. ಇಟ್ಟ ಹೆಸರು 'ಹಮದರ್ದ'; ನೋವಿನಲ್ಲಿ ಪಾಲುಗಾರ ಎಂದು. ಕನ್ನಡದ ಹಿಂದೂ ಪಂಡಿತರೊಬ್ಬರು ಆರಿಸಿಕೊಂಡ ಉರ್ದು ಪದ. ಚರ್ಮ ಒಬ್ಬರಿಗೆ ಮೂಳೆ ಒಬ್ಬರಿಗೆ ಎಂಬ ಹಂಚಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚದು.

ಪಾಲಕರಿಗೆ ಶಾಲೆಯಲ್ಲಿ ಅಧಿಕೃತ ಕುರ್ಚಿ ಸಿಕ್ಕಿದ್ದು ಬಹಳ ತಡವಾಗಿ. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ, ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದಿತು. ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ.

ತೊಡಕು ಇರುವುದು ಇಲ್ಲೇ. ಹುಡುಗನ ದನಿ ಒಡೆಯುವುದು, ಎದುರುತ್ತರ ಶುರುವಾಗುವುದು, ಹೇಳದೆ ಸಿನಿಮಾಕ್ಕೆ ಹೋಗುವುದು ಎಲ್ಲ ಎಂಟರ ಆಸುಪಾಸಿನಲ್ಲಿ. ಆ ಕಾಯ್ದೆಯ ಆಸರೆ ಮುಗಿಯುವುದೂ ಅಲ್ಲೇ. ಒಂಬತ್ತರಲ್ಲಿ 'ಟಿ.ಸಿ. ಒಯ್ಯಿರಿ' ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಸಮಿತಿಯ ಸಭೆ ಕಟ್ಟಡ, ಬಿಸಿಯೂಟ, ಶೌಚಾಲಯದಲ್ಲೇ ಮುಗಿದುಹೋಗುತ್ತದೆ. ಅವೂ ಬೇಕು, ಸರಿ. ಆದರೆ ಹುಡುಗ ಯಾಕೆ ಮುಖ ತಿರುಗಿಸುತ್ತಾನೆ ಎಂದು ಕೇಳುವವರು ಯಾರು?

ದೇವದುರ್ಗದಲ್ಲಿ ಇನ್ನೊಂದು ಕಷ್ಟವಿದೆ. 2002ರ ನಂಜುಂಡಪ್ಪ ವರದಿ ದೇವದುರ್ಗ, ಮಾನ್ವಿ ಎರಡನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಮಾನ್ವಿಯ ಒಂದಷ್ಟು ಹೊಲಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಟು. ಒಣಬೇಸಾಯದ ಹಳ್ಳಿಗಳಿಂದ ಮಾತ್ರ ಸುಗ್ಗಿ ಮುಗಿದೊಡನೆ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತಾರೆ. ಅಪ್ಪ ಅವ್ವ ಇಲ್ಲದ ಮನೆಗೆ 'ಪಾಲಕರನ್ನು ಕರೆದುಕೊಂಡು ಬಾ' ಎಂದು ಹುಡುಗನನ್ನು ಕಳಿಸಿದರೆ ಅವನು ಮರಳಿ ಶಾಲೆಗೆ ಬರುವುದಿಲ್ಲ. ಸಭೆ ಕರೆಯುವುದಾದರೆ ಗುಳೆಗೆ ಮೊದಲೇ ಕರೆಯಬೇಕು. ಆಮೇಲೆ ಮನೆಯಲ್ಲಿ ಉಳಿಯುವವಳು ಅಜ್ಜಿ. ಚೀಟಿ ಅವಳ ಕೈಗೆ ಹೋಗಬೇಕು. ಬರೆದವರೇ ಹೋಗಿ, ಅವಳ ಮಾತಿನಲ್ಲಿ ಓದಿ ಹೇಳಬೇಕು.