ಉಸಿರಿನ ಮಷೀನು ಹುಟ್ಟಿದ್ದು ಕಸ ತಗಿಯೋ ಮಷೀನಿನಿಂದ



ಹೋದ ವಾರ ಜೇವರ್ಗಿಯಿಂದ ನಮ್ಮ ನೆಗೆಣ್ಣಿ ಫೋನ್ ಹಚ್ಚಿದ್ಳು. "ಅಕ್ಕಾ, ನಮ್ಮ ಮನಿಯವರಿಗೂ ಡಾಕ್ಟ್ರು ಆ ಮೂಗಿನ ಮಷೀನು ಬರದು ಕೊಟ್ಟಾರ. ಭಾವನೋರದು ನೀ ಹ್ಯಾಂಗ ತೊಳಿತಿ, ಹೇಳು" ಅಂದ್ಳು. ಫೋನಿನಾಗ ಹೇಳಿದ್ರ ಅರ್ಧ ಮರ್ತು ಹೋಗ್ತದ. ಅದಕ್ಕ ಇಲ್ಲೇ ಬರಿಲಿಕತ್ತೀನಿ. ಮೊದಲ ಆ ಮಷೀನಿನ ಕಥಿ ಹೇಳ್ತೀನಿ. ಕಥಿ ಗೊತ್ತಾದ್ರ ಯಾಕ ತೊಳಿಬೇಕು ಅನ್ನೋದು ತಾನಾಗೇ ತಿಳಿತದ.

ನಮ್ಮ ಮಾವನವರ ಗೊರಕಿ ನಿಮಗೆಲ್ಲಾ ನೆನಪಿರಬೇಕು. ಅವರು ಅಂಗಳದಾಗ ಮಲಗಿದ್ರ ಓಣಿ ತುದಿತನಕ ಕೇಳ್ತಿತ್ತು. ನಾವು ಸೊಸ್ತೇರು ಸೆರಗು ಬಾಯಿಗಿ ಹಿಡಕೊಂಡು ನಗ್ತಿದ್ವಿ. ನಡುವ ಒಮ್ಮೆ ಗೊರಕಿ ನಿಂತು, ಉಸಿರೂ ನಿಂತಂಗಾಗಿ, ಆಮ್ಯಾಲ ಗಕ್ಕನೆ ಉಸಿರು ಎಳಕೊಂತಿದ್ರು. "ಭಾರಿ ಗಟ್ಟಿ ನಿದ್ದಿ" ಅಂತಿದ್ವಿ. ಅದು ನಿದ್ದಿ ಅಲ್ಲ, ಉಸಿರು ಸಿಗದ ಒದ್ದಾಟ ಅಂತ ನಮಗ ತಿಳಿದದ್ದು ಅವರ ಮಗನಿಗಿ, ಅಂದ್ರ ನಮ್ಮ ಮನಿಯವರಿಗಿ, ಅದೇ ಬಂದಾಗ.

ನಾವಷ್ಟೇ ನಕ್ಕಿಲ್ರಿ, ಜಗತ್ತೇ ನಕ್ಕಾದ. ಚಾರ್ಲ್ಸ್ ಡಿಕನ್ಸ್ ಅನ್ನೋ ಇಂಗ್ಲಿಷ್ ಲೇಖಕ 1836-37ರಾಗ ಬರದ 'ಪಿಕ್‌ವಿಕ್ ಪೇಪರ್ಸ್' ಕಾದಂಬರ್ಯಾಗ ಜೋ ಅಂತ ಒಬ್ಬ ದಪ್ಪ ಹುಡುಗ ಬರ್ತಾನ. ಕುಂತಲ್ಲಿ ನಿಂತಲ್ಲಿ ನಿದ್ದಿ ಮಾಡ್ತಾನ. ಓದಿದವರೆಲ್ಲಾ ನಕ್ಕರು. ನೂರಾ ಇಪ್ಪತ್ತು ವರ್ಷ ಆದಮ್ಯಾಲ, 1956ರಾಗ, ಅಮೇರಿಕಾದ ಡಾಕ್ಟ್ರು ಇಂಥಾದ್ದೊಂದು ರೋಗಕ್ಕ ಆ ಕಾದಂಬರಿ ಹೆಸರನ್ನೇ ಇಟ್ಟರು. 1965ರಾಗ ಫ್ರಾನ್ಸ್, ಜರ್ಮನಿ ಡಾಕ್ಟ್ರು ಮಲಗಿದವರನ್ನ ಯಂತ್ರ ಹಚ್ಚಿ ಪರೀಕ್ಷೆ ಮಾಡಿದಾಗ ನಿದ್ದ್ಯಾಗ ಉಸಿರು ಮತ್ತ ಮತ್ತ ನಿಲ್ಲೋದು ಕಂಡ್ರು. ನಿದ್ದ್ಯಾಗ ಗಂಟಲ ಸಡಿಲಾಗಿ ಗಾಳಿ ಹೋಗೋ ದಾರಿ ಮುಚ್ಚತದ. ಉಸಿರು ಸಿಗದೆ ಮಿದುಳು ಎಚ್ಚರಿಸ್ತದ. ರಾತ್ರಿ ಪೂರ್ತಿ ಇದೇ. ಹಿಂಗಾಗಿ ಹಗಲೆಲ್ಲಾ ತೂಕಡಿಕಿ, ಮ್ಯಾಲ ಬಿಪಿ.

ಆಗ ಜೋರು ಇದ್ದವರಿಗಿ ಖಾತ್ರಿ ಇಲಾಜು ಅಂದ್ರ ಒಂದೇ: ಗಂಟಲಿಗಿ ತೂತು ಕೊರದು ನಳಗಿ ಇಡೋದು. 1980ರ ಜೂನ್‌ದಾಗ ಆಸ್ಟ್ರೇಲಿಯಾದ ಸಿಡ್ನಿಯೊಳಗ ಒಬ್ಬ ರೋಗಿಗಿ ಇದೇ ಆಪರೇಷನ್ ಹೇಳಿದ್ರು. ಅಂವಗ ಅದು ಬ್ಯಾಡಾಗಿತ್ತು. ಕಾಲಿನ್ ಸಲಿವನ್ ಅನ್ನೋ ಡಾಕ್ಟ್ರು, ಮೂಗಿನಿಂದ ಸಣ್ಣಗ ಒತ್ತಿ ಗಾಳಿ ಬಿಟ್ರ ಗಂಟಲ ಮುಚ್ಚಂಗಿಲ್ಲ ಅಂತ ವಿಚಾರ ಮಾಡಿ, ಅವನ ಮ್ಯಾಲೇ ನೋಡಿದ್ರು. ಮನುಷ್ಯಾ ಆ ರಾತ್ರಿ ಉಸಿರು ನಿಲ್ಲದೆ ಮಲಗಿದ. ಐದು ಮಂದಿ ಮ್ಯಾಲ ನೋಡಿದ್ದನ್ನ ಮರುವರ್ಷ, 1981ರ ಏಪ್ರಿಲ್‌ದಾಗ, 'ಲ್ಯಾನ್ಸೆಟ್' ಪತ್ರಿಕ್ಯಾಗ ಬರದ್ರು. ಇವತ್ತು ನಾವು ಸಿಪ್ಯಾಪ್ ಅನ್ನೋದು ಇದನ್ನೇ.

ಈಗ ಮಜಾ ಕೇಳ್ರಿ. ಮೊದಮೊದಲ ಮಷೀನಿಗಿ ಅವರು ಗಾಳಿ ಎಲ್ಲಿಂದ ತಂದ್ರು? ವ್ಯಾಕ್ಯೂಮ್ ಕ್ಲೀನರ್‌ದ ಮೋಟಾರಿನಿಂದ! ಆ ವ್ಯಾಕ್ಯೂಮ್ ಕ್ಲೀನರ್ ಹುಟ್ಟಿದ್ದೂ ತಿರುವುಮುರುವಾಗೇ. ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಅನ್ನೋ ಇಂಜಿನಿಯರ್, ಗಾಳಿ ಊದಿ ಧೂಳ ಹಾರಿಸೋ ಮಷೀನು ನೋಡಿ, ಊದೂಕಿಂತ ಎಳಕೊಂಡ್ರ ಛಲೋ ಅಂತ 1901ರಾಗ ತಾ ಒಂದು ಮಾಡಿದ. ಎಂಬತ್ತು ವರ್ಷ ಆದಮ್ಯಾಲ ಸಿಡ್ನಿಯವರು ಎಳಕೊಳ್ಳೋದನ್ನ ಊದೂದಕ್ಕ ತಿರುಗಿಸಿದ್ರು. ಅಂದ್ರ ನಮ್ಮ ಕಸಬರಗಿ ಬಳಗದ ಮಷೀನಿದು.

ಮಾಸ್ಕಿನ ಕಥಿ ಮಾತ್ರ ಕಷ್ಟದ್ದು. ಒಬ್ಬೊಬ್ಬರ ಮೂಗಿನ ಅಚ್ಚು ತಗದು ಮಾಸ್ಕ್ ಮಾಡ್ತಿದ್ರು. ರಾತ್ರಿ ಸಿಲಿಕಾನ್ ಅಂಟಿನಿಂದ ಮೂಗಿಗಿ ಅಂಟಿಸೋದು, ಮುಂಜಾನಿ ಕಿತ್ತಿ ಸ್ವಚ್ಛ ಮಾಡೋದು. ಮಷೀನು ಬಂದ ದಿನಾನೇ ತೊಳಿಯೋ ಕೆಲಸಾನೂ ಬಂತು ನೋಡ್ರಿ. ಮುಂದ ಮೆತ್ತನ ಮಾಸ್ಕ್ ಬಂದು ಅಂಟಿನ ಕಾಟ ತಪ್ತು. ಗಾಳಿಗಿ ಮೂಗು ಒಣಗ್ತದಂತ ಬಿಸಿ ನೀರಿನ ಡಬ್ಬಿ ಕೂಡಿಸಿದ್ರು. ಅಲ್ಲಿಗಿ ನಮ್ಮ ಕೊಡ-ಹಂಡ್ಯಾದ ಸಮಸ್ಯಾನೂ ಬಂತು: ನಿಂತ ನೀರು.

ಇಲ್ಲಿ ನನ್ನ ತಪ್ಪು ಹೇಳಬೇಕು. ಅಫಜಲಪುರದಾಗ ನಮ್ಮ ಬೋರಿನ ನೀರು ಎಷ್ಟು ಸವಳು ಅಂತ ನಿಮಗ ಗೊತ್ತದ, ಚಹಾದ ಭಾಂಡೆಕ್ಕೂ ಬಿಳಿ ಪದರ ಕೂಡತದ. ನಾ ಅದೇ ನೀರು ಡಬ್ಬಿಗಿ ಹಾಕಿ, ವಾರಗಟ್ಟಲೆ ಬರೇ ಮ್ಯಾಲಮ್ಯಾಲ ಸುರೀತಿದ್ದೆ. ತಳಕ್ಕ ಸುಣ್ಣ ಕೂಡ್ತು, ಮೂಲಿಗಿ ಲೋಳಿ ಹಿಡೀತು, ಮಾಸ್ಕ್ ವಾಸನಿ ಹೊಡೀತು. ನಮ್ಮ ಮನಿಯವರು ನನಗ ಅನ್ನದೆ, ನಾ ಮಲಗಿದ ಮ್ಯಾಲ ಮಾಸ್ಕ್ ತಗದಿಡ್ತಿದ್ರಂತ. ಹಿಂಗ ಮೂರು ವಾರ. ಒಂದಿನ ಕಲಬುರಗಿಯಿಂದ ಗಾಡಿ ಮ್ಯಾಲ ಬರಬೇಕಾದ್ರ ಚೌಡಾಪುರದ ಹತ್ರ ತೂಕಡಿಕಿ ಬಂದು ರೋಡ್ ಬಿಟ್ಟು ತೊಗರಿ ಹೊಲಕ್ಕ ಇಳದ್ರು. ದೇವರ ದಯೆ, ಮೊಣಕಾಲ ತರಚಿದ್ದಷ್ಟೇ. ಮನಿಗಿ ಬಂದು, "ಮಷೀನು ನಾರತದ, ಹಾಕ್ಕೊಳ್ಳಾಕ ಆಗಂಗಿಲ್ಲ" ಅಂದ್ರು. ಆ ದಿನ ಡಬ್ಬಿ ಬೆಳಕಿಗಿ ಹಿಡದು ನೋಡಿ ನನಗ ಅಳು ಬಂತು.

ತೊಳಿಯೋ ಬ್ಯಾಸರಕ್ಕ ಹೊರದೇಶದಾಗ ಓಝೋನ್ ಗಾಳಿಯಿಂದ, ಯುವಿ ಬೆಳಕಿನಿಂದ ಸ್ವಚ್ಛ ಮಾಡೋ ಪೆಟ್ಟಿಗಿ ಮಾರಿದ್ರು. 2020ರಾಗ ಅಮೇರಿಕಾದ ಎಫ್‌ಡಿಎ ಇಲಾಖೆ, ಇವಕ್ಕ ನಾವು ಮಂಜೂರಿ ಕೊಟ್ಟಿಲ್ಲ ಅಂತ ಎಚ್ಚರಿಸ್ತು. 2021ರ ಜೂನ್‌ದಾಗ ಫಿಲಿಪ್ಸ್ ಕಂಪನಿ ತನ್ನ ಲಕ್ಷಗಟ್ಟಲೆ ಮಷೀನು ವಾಪಸ್ ಕರೀತು. ಸಪ್ಪಳ ತಡಿಲಿಕ್ಕ ಒಳಗಿಟ್ಟ ಫೋಮ್ ಪುಡಿ ಆಗಿ ಉಸಿರಿನಾಗ ಹೋಗಬಹುದಿತ್ತು. ಓಝೋನ್‌ದಿಂದ ಅದು ಇನ್ನೂ ಲಗೂ ಕೆಡಬಹುದು ಅಂತ ಹೇಳಿದ್ರು. ಕಡೀಕ ಉಳದದ್ದು ನಮ್ಮ ಕೈಯಾಗಿನ ಸಬಕಾರ, ನೀರೇ.

ಈಗ ನಾ ಮಾಡೋದು ಹೇಳ್ತೀನಿ. ಮುಂಜಾನಿ ಮೊದಲ ಪ್ಲಗ್ ತಗೀತೀನಿ. ಡಬ್ಬ್ಯಾಗಿನ ನೀರು ಚೆಲ್ಲಿ, ತೊಳದು, ಬಾಯಿ ತೆರದು ಒಣಗಿಸ್ತೀನಿ. ಮಾಸ್ಕಿನ ಮೆತ್ತನ ಭಾಗ ಉಗುರು ಬೆಚ್ಚನ ನೀರಾಗ ಸೌಮ್ಯ ಸಬಕಾರ ಹಚ್ಚಿ ತೊಳೀತೀನಿ. ಮಾರಿ ಎಣ್ಣಿ ಕೂತ್ರ ಗಾಳಿ ಸೋರತದ. ವಾರಕ್ಕೊಮ್ಮೆ ನಳಗಿ, ಡಬ್ಬಿ, ಪಟ್ಟಿ ಎಲ್ಲಾ ಸಬಕಾರ ನೀರಾಗ ತೊಳದು ನೆರಳಿಗಿ ಹಾಕ್ತೀನಿ. ಬಿಸಲಿಗಿ ಬ್ಯಾಡ್ರಿ, ಕೆಡ್ತಾವ. ಡಬ್ಬಿಗಿ ಮೆಡಿಕಲ್‌ದಾಗಿನ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರಿನ ನೀರು ಕುದಿಸಿದ್ರೂ ಸವಳು ಪೂರ್ತಿ ಹೋಗಂಗಿಲ್ಲ. ಬಿಳಿ ಪದರ ಕೂತ್ರ ಒಂದು ಪಾಲು ಬಿಳಿ ವಿನೆಗರ್‌ಗಿ ಹತ್ತು ಪಾಲು ನೀರು ಕೂಡಿಸಿ ನೆನಸಿ, ಛಂದಗ ತೊಳೀತೀನಿ. ಡೆಟಾಲ್, ಬ್ಲೀಚಿಂಗ್, ಅತ್ತರಿನ ಸಾಬೂನು ಹತ್ರ ತರಬ್ಯಾಡ್ರಿ, ಆ ವಾಸನಿ ರಾತ್ರಿ ಎಲ್ಲಾ ಪುಪ್ಪಸಕ್ಕ ಹೋಗತದ. ಫಿಲ್ಟರ್ ವಾರ ವಾರ ನೋಡ್ತೀನಿ. ತೊಗರಿ ರಾಶಿ ದಿನದಾಗ ಧೂಳಿಗಿ ಲಗೂನೇ ಕಪ್ಪಾಗತದ, ಆಗ ತಡಾ ಮಾಡಂಗಿಲ್ಲ. ಮಷೀನಿನ ಜೋಡಿ ಬಂದ ಪುಸ್ತಕದಾಗ ಬ್ಯಾರೆ ಹೇಳಿದ್ರ ಅದರಂಗೇ ಮಾಡ್ರಿ.

ಎಲ್ಲಾ ಕೂಡಿ ದಿನಕ್ಕ ಹತ್ತು ನಿಮಿಷ, ಚಹಾ ಕುದಿಯೋತನಕ ಆಗತದ. ಸಲಿವನ್ ಡಾಕ್ಟ್ರು ಒಂದು ರಾತ್ರಿ ಒಬ್ಬನ ಉಸಿರು ಉಳಿಸಿದ್ರು. ಅದು ದಿನಾ ಉಳೀಬೇಕಂದ್ರ ದಿನಾ ಯಾರರೆ ತೊಳೀಬೇಕು. ಆಳಂದದಾಗ ನಮ್ಮವ್ವ ಅಂತಿದ್ಳು, ಕುಡಿಯೋ ನೀರಿನ ಕೊಡ ರಾತ್ರಿ ಬೋರಲ ಹಾಕಿ ಮಲಗಬೇಕು ಅಂತ. ನಾ ಅವ್ವನ ಮಾತು ಕೊಡಕ್ಕ ನಡಸಿದ್ದೆ, ಈ ಡಬ್ಬಿಗಿ ಮರ್ತಿದ್ದೆ.

ಅಂದಂಗ, ತೊಳಿಯೋದು ಅವರಿಗೂ ಕಲಸೀನಿ. ನಾ ತವರಿಗಿ ಹೋದ್ರ ಈಗ ಅವರೇ ತೊಳ್ಕೋತಾರ. ನಿಮ್ಮ ಮನ್ಯಾಗೂ ಯಾರದರೆ ಗೊರಕಿ ನಡುವ ಉಸಿರು ನಿಂತ್ರ, ನಮ್ಮಂಗ ನಕ್ಕು ಸುಮ್ಮನಿರಬ್ಯಾಡ್ರಿ, ದವಾಖಾನಿಗಿ ಕರಕೊಂಡು ಹೋಗ್ರಿ.