ಗೇರ್‌ಬಾಕ್ಸ್ ಜೋಡಿಸಿದ ಮೇಲೆ ಒಂದು ಸಣ್ಣ ಪಿನ್ ಉಳಿದರೆ ಪರವಾಗಿಲ್ಲವೇ?

"ಬಿಚ್ಚಿ ಜೋಡಿಸಿದ ಮೇಲೆ ಒಂದೆರಡು ಸಾಮಾನು ಉಳಿದೇ ಉಳಿಯುತ್ತವೆ, ಗಾಡಿ ಓಡಿದರೆ ಸಾಕು" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ವಿಡಿಯೊ ನೋಡಿಕೊಂಡು ಮನೆಯಲ್ಲೇ ಕಾರಿನ ಮ್ಯಾನುಯಲ್ ಗೇರ್‌ಬಾಕ್ಸ್ ರಿಪೇರಿಗೆ ಇಳಿಯುವವರು ಈ ಮಾತನ್ನು ನಂಬಬಾರದು. ಇದು ತಪ್ಪು, ಅಪಾಯಕಾರಿ ಕೂಡ.

ಇಂಟರ್‌ಲಾಕ್ ಪಿನ್ ಅನ್ನೇ ನೋಡಿ. ಬೆರಳ ತುದಿಯಲ್ಲಿ ಹಿಡಿಯಬಹುದಾದ ಸಣ್ಣ ಕಡ್ಡಿ ಅದು. ಅನೇಕ ಗೇರ್‌ಬಾಕ್ಸ್‌ಗಳಲ್ಲಿ ಗೇರ್ ಬದಲಿಸುವ ರಾಡ್‌ಗಳು ಅಕ್ಕಪಕ್ಕದಲ್ಲಿರುತ್ತವೆ. ಒಂದು ರಾಡ್ ಸರಿದ ಕೂಡಲೇ ಈ ಪಿನ್ ಮತ್ತು ಜೊತೆಗಿರುವ ಉಕ್ಕಿನ ಗುಂಡುಗಳು ಉಳಿದ ರಾಡ್‌ಗಳ ಗುಳಿಯಲ್ಲಿ ಕೂತು, ಅವು ಅಲುಗದಂತೆ ಹಿಡಿಯುತ್ತವೆ. (ಕೆಲವು ಕಾರುಗಳಲ್ಲಿ ಪಿನ್ ಬದಲು ಒಂದು ತಟ್ಟೆ ಈ ಕೆಲಸ ಮಾಡುತ್ತದೆ.) ಪಿನ್ ಇಲ್ಲದಿದ್ದರೆ ಎರಡು ಗೇರ್ ಒಟ್ಟಿಗೆ ಬೀಳಬಹುದು. ಒಂದೇ ಶಾಫ್ಟನ್ನು ಎರಡನೇ ಗೇರ್ ಒಂದು ವೇಗದಲ್ಲಿ, ಮೂರನೆಯದು ಇನ್ನೊಂದು ವೇಗದಲ್ಲಿ ತಿರುಗಿಸಲು ಹೊರಟರೆ ಅದು ತಿರುಗಲಾರದೆ ಲಾಕ್ ಆಗುತ್ತದೆ. ಓಡುತ್ತಿರುವ ಗಾಡಿಯ ಚಕ್ರಗಳೂ ಅದರೊಂದಿಗೆ ಹಿಡಿದುಕೊಳ್ಳುತ್ತವೆ. ಕ್ಲಚ್ ಒತ್ತಿದರೂ ಬಿಡುವುದಿಲ್ಲ, ಏಕೆಂದರೆ ಲಾಕ್ ಆಗಿರುವುದು ಗೇರ್‌ಬಾಕ್ಸ್ ಒಳಗೆ.

ಪಿನ್ ಇಲ್ಲದ ಗೇರ್‌ಬಾಕ್ಸ್ ಮೊದಲ ದಿನ ಚೆನ್ನಾಗಿಯೇ ಓಡಬಹುದು. ಹಾಗಾಗಿ 'ಗಾಡಿ ಓಡಿತಲ್ಲ' ಎಂಬುದು ಪರೀಕ್ಷೆಯೇ ಅಲ್ಲ.

ರಾಡ್ ಎಳೆಯುವಾಗ ಟಪ್ ಎಂದು ಹಾರುವ ಇನ್ನೊಂದು ಜೋಡಿ ಇದೆ: ಡಿಟೆಂಟ್ ಗುಂಡು, ಅದರ ಸ್ಪ್ರಿಂಗ್. ಹಾಕಿದ ಗೇರ್ ಹಾಕಿದಲ್ಲೇ ನಿಲ್ಲುವುದು ಇವುಗಳಿಂದ. ಇವು ತಪ್ಪಿದರೆ ಗೇರ್ ತಾನಾಗಿಯೇ ನ್ಯೂಟ್ರಲ್‌ಗೆ ಜಾರಬಹುದು. ಬಿಚ್ಚುವಾಗ ರಂಧ್ರದ ಮೇಲೆ ಬಟ್ಟೆ ಒತ್ತಿ ಹಿಡಿಯಿರಿ. ಗ್ಯಾರೇಜಿನ ನೆಲದಲ್ಲಿ ಗುಂಡು ಹುಡುಕುವ ಕಷ್ಟ ತಪ್ಪುತ್ತದೆ.

ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳು ನೋಡಲು ಒಂದೇ ಥರ. ಆದರೆ ಪ್ರತಿಯೊಂದೂ ತನ್ನ ಗೇರಿನ ಕೋನ್‌ಗೆ ಉಜ್ಜಿ ಸವೆದು ಹೊಂದಿಕೊಂಡಿರುತ್ತದೆ. ಅದಲು ಬದಲಾದರೆ ಗೇರ್ ಹಾಕುವಾಗ ಕರ್ರೆನ್ನುವ ಸದ್ದು ಬರಬಹುದು. ಅದಕ್ಕೇ ಬಿಚ್ಚುವ ಮೊದಲು ಹಬ್, ಸ್ಲೀವ್‌ಗಳ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ, ಯಾವ ಮುಖ ಯಾವ ಕಡೆಗಿತ್ತು ಎಂಬುದರ ಫೋಟೊ ತೆಗೆದು, ಕಳಚಿದ ಸಾಲಿನಲ್ಲೇ ಭಾಗಗಳನ್ನು ಜೋಡಿಸಿಡಬೇಕು. ಮತ್ತೆ ಕೂರಿಸುವಾಗ ರಿಂಗ್‌ನ ಕಚ್ಚುಗಳು ಹಬ್‌ನ ಕೀಗಳಿಗೆ ಸರಿಯಾಗಿ ಎದುರಾಗಲಿ. ಕೂರಲಿಲ್ಲವೆಂದು ಸುತ್ತಿಗೆ ಎತ್ತಿದರೆ ರಿಂಗ್ ಮುರಿಯುತ್ತದೆ.

ಶಿಮ್‌ಗಳೂ ಹಾಗೆಯೇ, ಕಾಗದದಷ್ಟು ತೆಳ್ಳಗಿದ್ದರೂ ಬೇರಿಂಗ್ ಎಷ್ಟು ಬಿಗಿ ಎಂಬುದನ್ನು ತೀರ್ಮಾನಿಸುವುದು ಅವುಗಳ ದಪ್ಪ.

ಆಯಿಲ್ ವಿಷಯದಲ್ಲೂ ಒಂದು ತಪ್ಪು ನಂಬಿಕೆ ಇದೆ: ಜಿಎಲ್-4ಗಿಂತ ಜಿಎಲ್-5 ದೊಡ್ಡ ನಂಬರ್, ಆದ್ದರಿಂದ ಉತ್ತಮ ಎಂದು. ಕೆಲವು ಜಿಎಲ್-5 ಆಯಿಲ್‌ಗಳಲ್ಲಿರುವ ಗಂಧಕದ ರಾಸಾಯನಿಕಗಳು ಹಿತ್ತಾಳೆಯನ್ನು ತಿನ್ನಬಲ್ಲವು. ಕಾರಿನ ಮ್ಯಾನುಯಲ್‌ನಲ್ಲಿ ಹೇಳಿದ್ದನ್ನೇ ಹಾಕಿ.

ಗೇರ್‌ಬಾಕ್ಸನ್ನು ಕಾರಿಗೆ ಏರಿಸುವ ಮೊದಲು ಮೇಜಿನ ಮೇಲೆಯೇ ಒಂದು ಪರೀಕ್ಷೆ ಮಾಡಿ. ಇನ್‌ಪುಟ್ ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತಾ ಒಂದೊಂದೇ ಗೇರ್ ಹಾಕಿ. ಪ್ರತಿ ಗೇರ್‌ನಲ್ಲೂ ಔಟ್‌ಪುಟ್ ಬೇರೆ ಬೇರೆ ವೇಗದಲ್ಲಿ ತಿರುಗಬೇಕು, ರಿವರ್ಸ್‌ನಲ್ಲಿ ದಿಕ್ಕು ಬದಲಾಗಬೇಕು. ಒಂದು ಗೇರ್ ಬಿದ್ದಿರುವಾಗ ಇನ್ನೊಂದು ರಾಡನ್ನು ಸರಿಸಲು ನೋಡಿ. ಅದು ಸರಿದರೆ, ಕಷ್ಟವಾದರೂ ಎಲ್ಲವನ್ನೂ ಮತ್ತೆ ಬಿಚ್ಚಿ.